ಪ್ರಸಾರವಾಗದ ಸಂಜೆಯ ಪಟ್ಟಿ

1964ರ ಏಪ್ರಿಲ್ 20, ಸೋಮವಾರ. ಲಂಡನ್ನಿನಲ್ಲಿ ಬಿಬಿಸಿಯ ಎರಡನೆಯ ಟಿವಿ ಚಾನೆಲ್ ಶುರುವಾಗಬೇಕಿದ್ದ ದಿನ. ಆ ಸಂಜೆಯ ಕಾರ್ಯಕ್ರಮಗಳ ಪಟ್ಟಿ ಬಿಬಿಸಿಯ ವಾರಪತ್ರಿಕೆ ‘ರೇಡಿಯೊ ಟೈಮ್ಸ್’ನಲ್ಲಿ ಮೊದಲೇ ಅಚ್ಚಾಗಿ ಓದುಗರ ಕೈಸೇರಿತ್ತು. ರಾತ್ರಿ 7.20ಕ್ಕೆ ಆರಂಭ. ಮುಂದೇನು ಬರಲಿದೆ ಎಂದು ಹೇಳುವ ‘ಲೈನ್-ಅಪ್’ ಮೊದಲು. ಅದಾದ ಮೇಲೆ ‘ದಿ ಆಲ್ಬರ್ಟ್ಸ್’ ಎಂಬ ತಂಡದ ಹುಚ್ಚಾಟ. ಆಮೇಲೆ ಕೋಲ್ ಪೋರ್ಟರ್ ಅವರ ಸಂಗೀತ ನಾಟಕ ‘ಕಿಸ್ ಮಿ, ಕೇಟ್’. ಸೋವಿಯತ್ ನಾಡಿನ ಹಾಸ್ಯನಟ ಅರ್ಕಾದಿ ರೈಕಿನ್ ಅವರ ಪ್ರದರ್ಶನ. ಹಬ್ಬದ ಕಳೆ ಕಟ್ಟಲು ಬಾಣಬಿರುಸು. ಇಷ್ಟೆಲ್ಲ ಇತ್ತು. ಒಂದೂ ಅವತ್ತು ಪ್ರಸಾರವಾಗಲಿಲ್ಲ.

ಅರವತ್ತರ ದಶಕದ ಟಿವಿಯ ಒಂದು ದಿನ ಹೇಗಿತ್ತು ಎಂದು ತಿಳಿಯಲು ಹೊರಟವರು ಸಾಮಾನ್ಯವಾಗಿ ಹಳೆಯ ಪಟ್ಟಿಗಳನ್ನು ಹುಡುಕುತ್ತಾರೆ. ಬ್ರಿಟನ್ನಿನ ಮಟ್ಟಿಗೆ ಅದು ಸುಲಭ. ‘ರೇಡಿಯೊ ಟೈಮ್ಸ್’ 1923ರಿಂದಲೂ ಬಿಬಿಸಿಯ ಕಾರ್ಯಕ್ರಮಗಳನ್ನು ವಾರಕ್ಕೆ ಮುಂಚೆ ಅಚ್ಚು ಹಾಕುತ್ತಿತ್ತು. ಆದರೆ ಬಿಬಿಸಿಯೊಳಗೆ ಇನ್ನೊಂದು ದಾಖಲೆಯೂ ಇತ್ತು. ಪ್ರಸಾರ ಮುಗಿದ ಮೇಲೆ ಸಿಬ್ಬಂದಿ ಬರೆದಿಡುತ್ತಿದ್ದ ‘ಪ್ರೋಗ್ರಾಮ್ಸ್ ಆ್ಯಸ್ ಬ್ರಾಡ್‌ಕಾಸ್ಟ್’. ಯಾವುದು ಎಷ್ಟು ಹೊತ್ತಿಗೆ ನಿಜಕ್ಕೂ ಹೋಯಿತು, ಯಾರ ಸಂಗೀತ ಬಳಕೆಯಾಯಿತು ಎಂಬೆಲ್ಲ ಲೆಕ್ಕ ಅದರಲ್ಲಿರುತ್ತದೆ. ರೆಡಿಂಗ್ ಪಕ್ಕದ ಕ್ಯಾವರ್‌ಶಾಮ್‌ನಲ್ಲಿರುವ ಬಿಬಿಸಿಯ ಲಿಖಿತ ದಾಖಲೆಗಳ ಭಂಡಾರದಲ್ಲಿ ಇಂಥ ಕಾಗದಗಳಿವೆ. ಒಂದು ಲಗ್ನಪತ್ರಿಕೆ, ಇನ್ನೊಂದು ಮದುವೆ ಮುಗಿದ ಮೇಲಿನ ಖರ್ಚಿನ ಚೀಟಿ. ಎರಡೂ ಒಂದೇ ಕಥೆ ಹೇಳುವುದಿಲ್ಲ. 1963ರ ನವೆಂಬರ್ 23ರಂದು ‘ಡಾಕ್ಟರ್ ಹೂ’ ಧಾರಾವಾಹಿಯ ಮೊದಲ ಕಂತು ಸಂಜೆ 5.15ಕ್ಕೆ ಎಂದು ಅಚ್ಚಾಗಿತ್ತು. ನಿಜಕ್ಕೂ ಶುರುವಾಗಿದ್ದು 80 ಸೆಕೆಂಡು ತಡವಾಗಿ. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿತ್ತು ಎಂಬುದನ್ನು ನೆನೆದರೆ 80 ಸೆಕೆಂಡು ದೊಡ್ಡದೇನಲ್ಲ. 1964ರ ಏಪ್ರಿಲ್ 20ರ ಕಥೆ ಬೇರೆ. ಅಲ್ಲಿ ಎರಡು ಪಟ್ಟಿಗಳ ನಡುವೆ ಇಡೀ ಸಂಜೆಯೇ ಕಣ್ಮರೆಯಾಗಿದೆ.

ಹಾಗಿದ್ದರೂ ನನಗೆ ಆ ಅಚ್ಚಾದ ಪಟ್ಟಿಯೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಒಂದು ಸಂಸ್ಥೆ ತನ್ನ ನೋಡುಗರನ್ನು ಏನೆಂದು ಬಗೆದಿತ್ತು, ಅವರು ಸಂಜೆಯನ್ನು ಹೇಗೆ ಕಳೆಯಬೇಕೆಂದು ಬಯಸಿತ್ತು ಎಂಬುದು ನಡೆದದ್ದರಲ್ಲಿ ಕಾಣುವುದಕ್ಕಿಂತ ಸ್ಪಷ್ಟವಾಗಿ ನಡೆಯಲೆಂದು ಬರೆದಿಟ್ಟದ್ದರಲ್ಲಿ ಕಾಣುತ್ತದೆ.

ಮೊದಲು ಆ ಚಾನೆಲ್ ಯಾಕೆ ಬೇಕಾಯಿತು ಎಂಬುದನ್ನು ನೋಡೋಣ. 1964ರ ಬ್ರಿಟನ್ನಿನಲ್ಲಿ ಇದ್ದದ್ದು ಎರಡೇ ಚಾನೆಲ್. ಬಿಬಿಸಿ 1936ರಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಪ್ರಸಾರ ಶುರು ಮಾಡಿ, ಯುದ್ಧದ ಕಾಲದಲ್ಲಿ ನಿಲ್ಲಿಸಿ, 1946ರಲ್ಲಿ ಮತ್ತೆ ಆರಂಭಿಸಿತ್ತು. ಜಾಹೀರಾತಿನ ಹಣದಿಂದ ನಡೆಯುವ ಐಟಿವಿ 1955ರಲ್ಲಿ ಬಂತು. ಅದು ಬಂದದ್ದೇ ತಡ, ಜನ ಅತ್ತ ವಾಲಿದರು. ಬಹುಮಾನದ ಆಟ, ಅಮೆರಿಕದಿಂದ ತಂದ ಕೌಬಾಯ್ ಕಥೆ, ವಿನೋದಾವಳಿ. ಮೂರನೆಯ ಚಾನೆಲ್ ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಎದ್ದಾಗ ಸರ್ಕಾರ ಒಂದು ಸಮಿತಿ ನೇಮಿಸಿತು. ಅದರ ಅಧ್ಯಕ್ಷ ಸರ್ ಹ್ಯಾರಿ ಪಿಲ್ಕಿಂಗ್ಟನ್ ಗಾಜಿನ ಕಾರ್ಖಾನೆಯ ಒಡೆಯ. ಸಾಂಸ್ಕೃತಿಕ ವಿಮರ್ಶಕ ರಿಚರ್ಡ್ ಹೊಗಾರ್ಟ್ ಸದಸ್ಯರಲ್ಲೊಬ್ಬರು. 1962ರಲ್ಲಿ ಬಂದ ಅವರ ವರದಿ ಐಟಿವಿಯ ಹಗುರತನವನ್ನು ಬಿಡಿಸಿ ಬಿಡಿಸಿ ಟೀಕಿಸಿ, ಹೊಸ ಚಾನೆಲ್ ಬಿಬಿಸಿಗೇ ಹೋಗಲಿ ಎಂದಿತು. ಐಟಿವಿಯ ಮಂದಿಗೆ ಇದು ಮೇಷ್ಟ್ರ ಧಾಟಿಯ ವರದಿಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಓದಿದರೆ ಈಗಲೂ ಹಾಗೇ ಕಾಣುತ್ತದೆ.

ವರದಿಯಲ್ಲಿ ಇನ್ನೊಂದು ಶಿಫಾರಸು ಇತ್ತು: ಗೆರೆಗಳ ಸಂಖ್ಯೆ ಬದಲಾಗಬೇಕು. ಹಳೆಯ ಟಿವಿಯ ಪರದೆಯ ಮೇಲೆ ಚಿತ್ರ ಒಮ್ಮೆಗೇ ಮೂಡುವುದಿಲ್ಲ. ಕೊಳವೆಯ ಹಿಂದಿನಿಂದ ಎಲೆಕ್ಟ್ರಾನುಗಳ ಕಿರಣವೊಂದು ಎಡದಿಂದ ಬಲಕ್ಕೆ ಗೆರೆ ಎಳೆಯುತ್ತ, ಮೇಲಿನಿಂದ ಕೆಳಕ್ಕೆ ಇಳಿಯುತ್ತ, ಸೆಕೆಂಡಿಗೆ 25 ಸಲ ಇಡೀ ಚಿತ್ರ ಬರೆಯುತ್ತದೆ. ಗೆರೆ ಹೆಚ್ಚಿದಷ್ಟೂ ಚಿತ್ರ ನಯ. ಬ್ರಿಟನ್ 1936ರಲ್ಲೇ 405 ಗೆರೆಗಳ ಪದ್ಧತಿ ಹಿಡಿದಿತ್ತು. ಆ ಕಾಲಕ್ಕೆ ಅದೇ ಬಹಳ. ಯುದ್ಧದ ನಂತರ ಯುರೋಪಿನ ಬಹುತೇಕ ದೇಶಗಳು 625 ಗೆರೆಗಳಿಗೆ ಬಂದವು. ಮೊದಲು ಹೊರಟವರು ಹಿಂದೆ ಬೀಳುವುದು ತಂತ್ರಜ್ಞಾನದಲ್ಲಿ ಹೊಸ ಕಥೆಯಲ್ಲ. ದೇಶದ ಎಲ್ಲ ಮನೆಗಳ ಟಿವಿಯನ್ನೂ ಒಂದೇ ದಿನ ಗುಜರಿಗೆ ಹಾಕಿಸಲು ಆಗುವುದಿಲ್ಲವಲ್ಲ. ಅದಕ್ಕೊಂದು ಉಪಾಯ ಮಾಡಿದರು. ಹಳೆಯ ಎರಡು ಚಾನೆಲ್‌ಗಳು 405 ಗೆರೆಗಳಲ್ಲೇ ಮುಂದುವರಿಯಲಿ, ಹೊಸದು ಮಾತ್ರ 625ರಲ್ಲಿ, ಬೇರೆಯದೇ ಆದ ಯುಎಚ್‌ಎಫ್ ತರಂಗಗಳಲ್ಲಿ ಬರಲಿ. ಹಳೆಯ 405 ಪೂರ್ತಿಯಾಗಿ ನಿಂತದ್ದು 1985ರ ಜನವರಿಯಲ್ಲಿ.

ಇದರಿಂದ ನೋಡುಗನಿಗೆ ಬಿದ್ದ ಹೊರೆ ಸಣ್ಣದಲ್ಲ. ಬಿಬಿಸಿ-2 ನೋಡಬೇಕಾದರೆ ಎರಡೂ ಪದ್ಧತಿಗೆ ಒಗ್ಗುವ, ತಿರುಪಿ ಬದಲಿಸುವ ಗುಂಡಿಯಿರುವ ಹೊಸ ಸೆಟ್ ಕೊಳ್ಳಬೇಕು. ಮನೆಯ ಮೇಲೆ ಹೊಸ ಆಂಟೆನಾ ನಿಲ್ಲಿಸಬೇಕು. ಅಷ್ಟಾದರೂ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಗೋಪುರದ ಅಲೆ ತಲುಪುವ ಆಗ್ನೇಯ ಇಂಗ್ಲೆಂಡಿನವರಿಗೆ ಮಾತ್ರ ಚಿತ್ರ. ಬರ್ಮಿಂಗ್‌ಹ್ಯಾಮ್ ಕಡೆಯವರು ಅದೇ ವರ್ಷದ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ವರ್ಷದ ಲೈಸೆನ್ಸು ಶುಲ್ಕ 4 ಪೌಂಡು ಮಾತ್ರ ಎಲ್ಲರಿಗೂ ಒಂದೇ, ಕಾಣದವರಿಗೂ ಸೇರಿ.

ಟಿವಿ ಅಂಗಡಿಯವರಿಗೆ ಸೆಟ್ ಹೊಂದಿಸಿ ಗಿರಾಕಿಗೆ ತೋರಿಸಲು ಹಗಲಲ್ಲಿ ಏನಾದರೂ ಚಿತ್ರ ಬೇಕಲ್ಲ. ಅದಕ್ಕೆಂದೇ ಪರೀಕ್ಷಾ ಪ್ರಸಾರ ಎಂಬುದೊಂದಿತ್ತು: ಗಂಟೆಗಟ್ಟಲೆ ಅಲುಗಾಡದ ಟೆಸ್ಟ್ ಕಾರ್ಡ್, ಹಿನ್ನೆಲೆಯಲ್ಲಿ ಲಘು ಸಂಗೀತ, ನಡುನಡುವೆ ಕಂಪನಿಗಳು ಮಾಡಿಸಿದ ಕಿರುಚಿತ್ರ. 1967ರಲ್ಲಿ ಬಂದ ಟೆಸ್ಟ್ ಕಾರ್ಡ್‌ನಲ್ಲಿ ಒಬ್ಬ ಹುಡುಗಿ ಕರಿಹಲಗೆಯ ಮೇಲೆ ಸೊನ್ನೆ-ಗುಣಾಕಾರದ ಆಟ ಆಡುತ್ತಿದ್ದಾಳೆ. ಅದನ್ನು ರೂಪಿಸಿದ ಬಿಬಿಸಿ ಎಂಜಿನಿಯರ್ ಜಾರ್ಜ್ ಹರ್ಸಿಯವರ ಮಗಳೇ ಆಕೆ. ಹಲಗೆಯ ಮೇಲಿನ ಒಂದು ಗುಣಾಕಾರ ಚಿಹ್ನೆ ಪರದೆಯ ಸರಿಯಾದ ನಡುಮಧ್ಯವನ್ನು ತೋರಿಸುತ್ತದೆ. ಬ್ರಿಟಿಷ್ ಟಿವಿಯಲ್ಲಿ ಅತಿ ಹೆಚ್ಚು ಹೊತ್ತು ಕಾಣಿಸಿಕೊಂಡ ಮುಖ ಯಾವ ನಟಿಯದೂ ಅಲ್ಲ, ಈ ಹುಡುಗಿಯದು.

ಇಷ್ಟು ಹೊತ್ತು ಟೆಸ್ಟ್ ಕಾರ್ಡ್ ಯಾಕೆ? ಯಾಕೆಂದರೆ ಬೇರೇನೂ ಇರಲಿಲ್ಲ. ಇಂದಿನವರಿಗೆ ಅರವತ್ತರ ದಶಕದ ಟಿವಿ ದಿನದಲ್ಲಿ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣಬೇಕಾದದ್ದು ಈ ಖಾಲಿ ಹೊತ್ತು. ಒಂದು ಚಾನೆಲ್ ವಾರಕ್ಕೆ ಎಷ್ಟು ಗಂಟೆ ಪ್ರಸಾರ ಮಾಡಬಹುದು ಎಂಬುದನ್ನು ಅಂಚೆ ಖಾತೆಯ ಮಂತ್ರಿ ನಿಗದಿ ಮಾಡುತ್ತಿದ್ದರು. ಶಾಲೆಗಳ ಪಾಠ, ಧಾರ್ಮಿಕ ಕಾರ್ಯಕ್ರಮದಂಥ ಕೆಲವನ್ನು ಬಿಟ್ಟು ವಾರಕ್ಕೆ ಸುಮಾರು 50 ಗಂಟೆ. ಹಾಗಾಗಿ ಬೆಳಿಗ್ಗೆ ಶಾಲೆಗಳಿಗೆ ಪಾಠ, ಪುಟಾಣಿಗಳಿಗೆ ಬೊಂಬೆಯಾಟ, ಆಮೇಲೆ ಪರದೆ ಖಾಲಿ. ಸಂಜೆ ಮಕ್ಕಳು ಶಾಲೆಯಿಂದ ಬಂದ ಮೇಲೆ ಮತ್ತೆ ಜೀವ. 1957ರವರೆಗಂತೂ ಸಂಜೆ ಆರರಿಂದ ಏಳರವರೆಗೆ ಎರಡೂ ಚಾನೆಲ್ ಬಂದ್. ತಾಯಂದಿರು ಮಕ್ಕಳನ್ನು ಮಲಗಿಸಲು ಅನುಕೂಲವಾಗಲಿ ಎಂದು! ಮಲಗಿದ್ದಾರೆಯೇ ಇಲ್ಲವೇ ಎಂದು ಮಂತ್ರಿಗಳು ಬಂದು ನೋಡುತ್ತಿರಲಿಲ್ಲ, ಅಷ್ಟೇ. ಆ ಒಂದು ಗಂಟೆಯ ಜಾಹೀರಾತಿನ ಹಣ ತಪ್ಪುತ್ತಿದ್ದ ಐಟಿವಿಗೆ ಇದು ನುಂಗಲಾರದ ತುತ್ತು. 1957ರ ಫೆಬ್ರವರಿಯಲ್ಲಿ ಆ ನಿಯಮ ಹೋಯಿತು. ಬಿಬಿಸಿ ಶನಿವಾರದ ಆ ಹೊತ್ತಿಗೆ ತಂದು ಕೂರಿಸಿದ್ದು ಹದಿಹರೆಯದವರ ಪಾಪ್ ಸಂಗೀತದ ‘ಸಿಕ್ಸ್-ಫೈವ್ ಸ್ಪೆಷಲ್’. ಮಕ್ಕಳನ್ನು ಮಲಗಿಸಲೆಂದು ಕಾದಿಟ್ಟಿದ್ದ ಗಂಟೆಯಲ್ಲಿ ಎಳೆಯರು ಕುಣಿಯತೊಡಗಿದರು. ಗಂಟೆಗಳ ಮೇಲಿನ ಮಿತಿ ಪೂರ್ತಿ ಹೋದದ್ದು 1972ರಲ್ಲಿ.

ರಾತ್ರಿ ಪ್ರಸಾರ ಮುಗಿಯುವಾಗ ಬಿಬಿಸಿಯಲ್ಲಿ ರಾಷ್ಟ್ರಗೀತೆ ನುಡಿಸುತ್ತಿದ್ದರು. ಆಮೇಲೆ ಟಿವಿ ಆರಿಸಿದರೆ ಬೆಳಕೆಲ್ಲ ಕುಗ್ಗಿ ನಡುವಿನಲ್ಲೊಂದು ಬಿಳಿ ಚುಕ್ಕೆಯಾಗಿ ನಿಧಾನಕ್ಕೆ ಮಾಯವಾಗುತ್ತಿತ್ತು. ನಮ್ಮಲ್ಲೂ ದೂರದರ್ಶನದ ಹಳೆಯ ಪೆಟ್ಟಿಗೆಗಳನ್ನು ನೋಡಿದವರಿಗೆ ಆ ಚುಕ್ಕೆ ಗೊತ್ತಿರುತ್ತದೆ.

ಈಗ ಆ ಸೋಮವಾರದ ಪಟ್ಟಿಗೆ ಬರೋಣ. ಹೊಸ ಚಾನೆಲ್ಲಿನ ಹೊಣೆ ಹೊತ್ತ ಮೈಕೆಲ್ ಪೀಕಾಕ್‌ಗೆ ಇನ್ನೂ 35 ತುಂಬಿರಲಿಲ್ಲ. ಅವರ ಮುಂದಿದ್ದ ಇಕ್ಕಟ್ಟು ಇದು. ಪಿಲ್ಕಿಂಗ್ಟನ್ ವರದಿಯ ಪ್ರಕಾರ ಚಾನೆಲ್ ಗಂಭೀರವಾಗಿರಬೇಕು. ಆದರೆ ಬರೀ ಗಾಂಭೀರ್ಯಕ್ಕಾಗಿ ಯಾರೂ ಹೊಸ ಸೆಟ್ ಕೊಳ್ಳುವುದಿಲ್ಲ. ಅವರು ಮಾಡಿದ್ದೇನೆಂದರೆ ವಾರದ ಏಳು ದಿನಕ್ಕೆ ಏಳು ಮುಖ ಕೊಟ್ಟದ್ದು. ಸೋಮವಾರ ಮನರಂಜನೆ, ಮಂಗಳವಾರ ಕಲಿಕೆ, ಹೀಗೆ ಪ್ರತಿ ಸಂಜೆಗೂ ಒಂದು ಗುಣ. ಬಿಬಿಸಿ-1ರಲ್ಲಿ ಬರುವುದಕ್ಕೆ ವಿರುದ್ಧವಾದದ್ದು ಇಲ್ಲಿ ಸಿಗಲಿ ಎಂಬ ಲೆಕ್ಕಾಚಾರ. ಪ್ರಚಾರಕ್ಕೆ ಎರಡು ಕಾಂಗರೂಗಳ ಚಿತ್ರ ಮಾಡಿದರು. ತಾಯಿ ಹಲ್ಲಬಲೂ, ಚೀಲದೊಳಗಿನ ಮರಿ ಕಸ್ಟರ್ಡ್.

ಆರಂಭದ ದಿನ ಸೋಮವಾರವಾದ್ದರಿಂದ ಪಟ್ಟಿಯೂ ಮನರಂಜನೆಯದೇ. ಆದರೆ ಎಂಥ ಮನರಂಜನೆ! ಆಲ್ಬರ್ಟ್ಸ್ ಎಂದರೆ ಗ್ರೇ ಸಹೋದರರು ಮತ್ತು ಅವರ ಒಡನಾಡಿಗಳು. ಹಳೆಯ ಕೊಂಬು ಕಹಳೆ ಊದುತ್ತ, ತಮ್ಮದೇ ತಿರುಗುಮುರುಗು ತರ್ಕದಲ್ಲಿ ಅಸಂಬದ್ಧ ಪ್ರಹಸನ ನಡೆಸುವವರು. ಅವರ ಬಳಗದ ಬ್ರೂಸ್ ಲೇಸಿ ಗುಜರಿ ಸಾಮಾನಿನಿಂದ ಯಂತ್ರಮಾನವರನ್ನು ಕಟ್ಟುತ್ತಿದ್ದರು. ಸಂಸ್ಥೆಯೊಂದು ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಇಂಥವರನ್ನು ಕರೆದಿತ್ತು ಎಂಬುದೇ ಅರವತ್ತರ ದಶಕದ ಬಿಬಿಸಿಯ ಬಗ್ಗೆ ಎಷ್ಟೋ ಹೇಳುತ್ತದೆ. ಮಹಾನಿರ್ದೇಶಕ ಹ್ಯೂ ಕಾರ್ಲ್‌ಟನ್ ಗ್ರೀನ್ ಕಾಲದ ಧಾರಾಳ ಅದು. ಆ ಧಾರಾಳವನ್ನು ಸಹಿಸದವರೂ ಇದ್ದರು. ಎರಡೇ ವಾರಗಳ ಬಳಿಕ, ಮೇ 5ರಂದು, ಮೇರಿ ವೈಟ್‌ಹೌಸ್ ಬರ್ಮಿಂಗ್‌ಹ್ಯಾಮ್ ಪುರಭವನದಲ್ಲಿ ಟಿವಿಯನ್ನು ಶುಚಿಗೊಳಿಸುವ ಚಳವಳಿಯ ಮೊದಲ ಸಭೆ ನಡೆಸಿದರು.

‘ಕಿಸ್ ಮಿ, ಕೇಟ್’ ಷೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕವನ್ನು ಆಡುವ ಕಂಪನಿಯೊಂದರ ಒಳಜಗಳಗಳ ಕಥೆ. 1948ರಲ್ಲಿ ಬ್ರಾಡ್‌ವೇಯಲ್ಲಿ ನಾಯಕಿಯಾಗಿದ್ದ ಪೆಟ್ರೀಷಿಯಾ ಮಾರಿಸನ್ ಮತ್ತು 1953ರ ಸಿನಿಮಾದ ನಾಯಕ ಹೊವರ್ಡ್ ಕೀಲ್ ಇಬ್ಬರನ್ನೂ ಬಿಬಿಸಿ ತನ್ನ ನಿರ್ಮಾಣಕ್ಕೆ ಕೂಡಿಸಿತ್ತು. ಷೇಕ್ಸ್‌ಪಿಯರ್ ಹುಟ್ಟಿ 400 ವರ್ಷ ತುಂಬುವ ದಿನ ಅದೇ ಗುರುವಾರ. ಸಂಗೀತ, ತಾರೆಯರು, ಬದಿಯಲ್ಲಿ ಷೇಕ್ಸ್‌ಪಿಯರ್: ಪಿಲ್ಕಿಂಗ್ಟನ್ ಸಾಹೇಬರಿಗೂ ಬೇಸರವಿಲ್ಲ, ಅಂಗಡಿಯವನಿಗೂ ನಷ್ಟವಿಲ್ಲ.

ರೈಕಿನ್ ಆಯ್ಕೆ ನನಗೆ ಎಲ್ಲಕ್ಕಿಂತ ಕುತೂಹಲದ್ದು. ಲೆನಿನ್‌ಗ್ರಾಡಿನಲ್ಲಿ ಕಿರುಪ್ರಹಸನಗಳದ್ದೇ ಒಂದು ರಂಗತಂಡ ಕಟ್ಟಿ, ಕ್ಷಣದಲ್ಲಿ ಮುಖವಾಡ ಬದಲಿಸುತ್ತ, ಸೋವಿಯತ್ ಅಧಿಕಾರಿಗಳ ಜಡತನ, ಅಂಗಡಿಗಳ ಅವ್ಯವಸ್ಥೆಯನ್ನು ಗೇಲಿ ಮಾಡಿ ಬದುಕಿ ಉಳಿದ ಕಲಾವಿದ ಆತ. ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ಮುಗಿದು ಒಂದೂವರೆ ವರ್ಷವಾಗಿತ್ತಷ್ಟೇ. ಶೀತಲ ಸಮರದ ನಡುವೆ ಲಂಡನ್ನಿನ ಹೊಸ ಚಾನೆಲ್ ತನ್ನ ಮೊದಲ ರಾತ್ರಿಯೇ ರಷ್ಯಾದ ವಿದೂಷಕನನ್ನು ಮನೆಮನೆಗೆ ಕಳಿಸಲು ಸಿದ್ಧವಾಗಿತ್ತು.

ಸಂಜೆ ಸುಮಾರು 6.45. ಥೇಮ್ಸ್ ದಂಡೆಯ ಬ್ಯಾಟರ್ಸಿ ವಿದ್ಯುತ್ ಸ್ಥಾವರದಲ್ಲಿ ಬೆಂಕಿ. ಪಶ್ಚಿಮ ಲಂಡನ್ನಿನ ಬಹುಭಾಗ ಕತ್ತಲಲ್ಲಿ ಮುಳುಗಿತು. ವೈಟ್ ಸಿಟಿಯಲ್ಲಿದ್ದ ಬಿಬಿಸಿಯ ಟೆಲಿವಿಷನ್ ಸೆಂಟರ್ ಆ ಭಾಗದಲ್ಲೇ ಇತ್ತು. 1960ರಲ್ಲಿ ತೆರೆದ, ಟಿವಿಗೆಂದೇ ಕಟ್ಟಿಸಿದ ವೃತ್ತಾಕಾರದ ಭವ್ಯ ಕಟ್ಟಡ. ಸ್ಟುಡಿಯೊ, ಕ್ಯಾಮೆರಾ, ಟೇಪ್ ಓಡಿಸುವ ಯಂತ್ರ, ಎಲ್ಲಕ್ಕೂ ಒಂದೇ ಸೂರು. ಕರೆಂಟು ಹೋದ ಮೇಲೆ ಮೊದಲೇ ಚಿತ್ರಿಸಿಟ್ಟದ್ದನ್ನು ಕೂಡ ತೋರಿಸುವಂತಿಲ್ಲ.

ಟಿವಿ ಎಂಬುದು ಎಷ್ಟು ಉದ್ದನೆಯ ಸರಪಳಿ ಎಂಬುದು ಇಂಥ ಹೊತ್ತಿನಲ್ಲಿ ಗೊತ್ತಾಗುತ್ತದೆ. ಕ್ರಿಸ್ಟಲ್ ಪ್ಯಾಲೇಸಿನ ಪ್ರಸಾರ ಗೋಪುರ ಕೆಲಸ ಮಾಡುತ್ತಿತ್ತು. ಕರೆಂಟು ಇದ್ದ ಬಡಾವಣೆಗಳ ಮನೆಗಳಲ್ಲಿ ಹೊಸ ಸೆಟ್‌ಗಳು ಉರಿಯುತ್ತಿದ್ದವು. ಬಿಬಿಸಿ-1 ಕೂಡ ಅಲೆಕ್ಸಾಂಡ್ರಾ ಪ್ಯಾಲೇಸಿನ ಸೌಕರ್ಯ ಬಳಸಿ ಹೇಗೋ ಮುಂದುವರಿಯಿತು. ಕತ್ತಲಾದದ್ದು ಕಾರ್ಯಕ್ರಮ ಹುಟ್ಟುವ ಮನೆ ಮಾತ್ರ. ಲಂಡನ್ನಿನಲ್ಲಿ ಐಟಿವಿ ನಡೆಸುತ್ತಿದ್ದ ಅಸೋಸಿಯೇಟೆಡ್-ರಿಡಿಫ್ಯೂಷನ್ ಕಂಪನಿ ‘ನಾವು ಪ್ರಸಾರ ಮಾಡಿಕೊಡುತ್ತೇವೆ’ ಎಂದು ಮುಂದೆ ಬಂತು. ಬಿಬಿಸಿ ಬೇಡವೆಂದಿತು. ಯಾವ ಚಾನೆಲ್ಲಿನ ಹಗುರತನಕ್ಕೆ ಮದ್ದೆಂದು ತಾನು ಹುಟ್ಟುತ್ತಿತ್ತೋ ಅದರ ಹೆಗಲ ಮೇಲೆ ಕೂತು ಮೊದಲ ರಾತ್ರಿ ಬರುವುದು ಹೇಗೆ? ಅರ್ಥವಾಗುವ ಮಾತೇ. ಆದರೂ ಆ ಸ್ನೇಹವನ್ನು ಒಪ್ಪಿಕೊಂಡಿದ್ದರೆ ಟಿವಿ ಚರಿತ್ರೆಯಲ್ಲಿ ಒಂದು ಸೊಗಸಾದ ಪುಟ ಇರುತ್ತಿತ್ತು.

ಉಳಿದದ್ದು ಸುದ್ದಿ ವಿಭಾಗ. ಅದು ಆಗ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲೇ ಇತ್ತು; 1936ರ ಹಳೆಯ ಕಟ್ಟಡ ಹೊಸ ಚಾನೆಲ್ಲಿನ ಮಾನ ಕಾಪಾಡಬೇಕಾಯಿತು. ಸುಮಾರು 7.25ಕ್ಕೆ ಜೆರಾಲ್ಡ್ ಪ್ರೀಸ್ಟ್‌ಲ್ಯಾಂಡ್ ಪರದೆಯ ಮೇಲೆ ಬಂದು ಆದದ್ದನ್ನು ತಿಳಿಸಿದರು. ಐವತ್ತರ ದಶಕದಲ್ಲಿ ಬಿಬಿಸಿಯ ವರದಿಗಾರನಾಗಿ ದೆಹಲಿಯಲ್ಲಿದ್ದ ಮನುಷ್ಯ. ಕರೆಂಟು ಹೋದದ್ದಕ್ಕೆ ಅವರೇನೂ ಗಾಬರಿಯಾಗಿರಲಾರರು ಎಂಬುದು ನನ್ನ ಊಹೆ. ನಡುನಡುವೆ ಚಿಕ್ಕ ಸುದ್ದಿಗಳು. ಹತ್ತು ಗಂಟೆಗೆ ಬಿಬಿಸಿ ಕೈಚೆಲ್ಲಿತು. ಆರಂಭ ನಾಳೆಗೆ ಎಂದು ಘೋಷಿಸಿತು.

ದೂರದರ್ಶನದ ಕಾಲದಲ್ಲಿ ಬೆಳೆದ ನಮ್ಮವರಿಗೆ ಇದರಲ್ಲಿ ಅಪರಿಚಿತವಾದದ್ದೇನಿದೆ? ‘ರುಕಾವಟ್ ಕೇ ಲಿಯೇ ಖೇದ್ ಹೈ’ ಎಂಬ ಫಲಕ ಹಿಂದಿ ಬಾರದ ಕನ್ನಡಿಗರಿಗೂ ಬಾಯಿಪಾಠ. ಆದರೆ 1964ರಲ್ಲಿ ಕರ್ನಾಟಕದಲ್ಲಿ ಅಡಚಣೆಯಾಗಲೂ ಟಿವಿ ಇರಲಿಲ್ಲ. ದೇಶದಲ್ಲಿ ಇದ್ದದ್ದು ದೆಹಲಿಯೊಂದರಲ್ಲೇ, ಅದೂ ಆಕಾಶವಾಣಿಯ ಒಂದು ಅಂಗವಾಗಿ. 1959ರ ಸೆಪ್ಟೆಂಬರ್ 15ರಂದು ಯುನೆಸ್ಕೊ ನೆರವಿನಿಂದ ಪ್ರಯೋಗವಾಗಿ ಶುರುವಾಗಿ, 1961ರಿಂದ ಶಾಲೆಗಳಿಗೆ ಪಾಠ ಹೇಳುತ್ತ, ಮನೆಗಳಿಗಿಂತ ಹೆಚ್ಚಾಗಿ ಟೆಲಿಕ್ಲಬ್‌ಗಳ ಒಟ್ಟು ನೋಟಕ್ಕೆಂದು ನಡೆಯುತ್ತಿತ್ತು. ದಿನವೂ ಪ್ರಸಾರ ಬಂದದ್ದು 1965ರಲ್ಲಿ. ‘ಕೃಷಿ ದರ್ಶನ’ 1967ರ ಜನವರಿ 26ರಂದು. ಬ್ರಿಟನ್ 405ರಿಂದ ಬಿಡಿಸಿಕೊಳ್ಳಲು ಪಡುತ್ತಿದ್ದ ಪಾಡು ನಮಗಿರಲಿಲ್ಲ. ತಡವಾಗಿ ಬಂದವರಿಗೆ ಸಿಗುವ ಸಣ್ಣ ಲಾಭವಾಗಿ 625 ಗೆರೆಯ ಪದ್ಧತಿ ನಮ್ಮದಾಯಿತು. ಕನ್ನಡ ನಾಡಿಗೆ ಟಿವಿ ಬಂದ ದಾರಿಯಂತೂ ಅಪರೂಪದ್ದು: 1975ರ ಆಗಸ್ಟ್‌ನಿಂದ ಒಂದು ವರ್ಷ ‘ಸೈಟ್’ ಪ್ರಯೋಗದ ಅಡಿಯಲ್ಲಿ ಅಮೆರಿಕದ ಉಪಗ್ರಹದಿಂದ ನೇರ ಕಲಬುರ್ಗಿ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಬೆಂಗಳೂರಿಗಿಂತ ಮೊದಲು ಹಳ್ಳಿ ಟಿವಿ ಕಂಡಿತು.

ಲಂಡನ್ನಿನಲ್ಲಿ ಮಂಗಳವಾರ ಬೆಳಗಾಯಿತು. ಕರೆಂಟು ಬಂದಿತ್ತು. 11 ಗಂಟೆಗೆ ಪಟ್ಟಿಯಲ್ಲಿದ್ದದ್ದು ಐದು ವರ್ಷದೊಳಗಿನ ಮಕ್ಕಳ ‘ಪ್ಲೇ ಸ್ಕೂಲ್’. ಹೀಗೆ ಬಿಬಿಸಿ-2ರ ಅಧಿಕೃತ ಮೊದಲ ಕಾರ್ಯಕ್ರಮವಾಗುವ ಯೋಗ ಪಟಾಕಿಗೂ ಇಲ್ಲ, ಕೋಲ್ ಪೋರ್ಟರ್‌ಗೂ ಇಲ್ಲ, ಆಟದ ಮನೆಗೆ ಬಂತು. ನಿರೂಪಕರು ವರ್ಜೀನಿಯಾ ಸ್ಟ್ರೈಡ್ ಮತ್ತು ಗಾರ್ಡನ್ ರೋಲಿಂಗ್ಸ್. ಕಾರ್ಯಕ್ರಮವನ್ನು ರೂಪಿಸಿದವರು ಜಾಯ್ ವಿಟ್ಬಿ. ಅದುವರೆಗೆ ಪುಟಾಣಿಗಳಿಗೆ ಬಿಬಿಸಿ ಕೊಡುತ್ತಿದ್ದುದು ಬಹುಪಾಲು ದಾರ ಕಟ್ಟಿದ ಬೊಂಬೆಗಳು ಮತ್ತು ಮೆಲುದನಿಯ ಕಥನ. ವಿಟ್ಬಿ ಬೊಂಬೆಗಳನ್ನು ಕಪಾಟಿನ ಮೇಲೆ ಕೂರಿಸಿ ಮುಂದೆ ಮನುಷ್ಯರನ್ನು ತಂದರು. ಅವರು ಕ್ಯಾಮೆರಾ ಕಡೆ ತಿರುಗಿ ಒಂದೊಂದು ಮಗುವಿನ ಜೊತೆಗೂ ಮಾತಾಡುವಂತೆ ಮಾತಾಡಿದರು. ಹಾಡಿದರು, ಕುಪ್ಪಳಿಸಿದರು, ರಟ್ಟಿನ ಡಬ್ಬದಿಂದ ಏನಾದರೂ ಮಾಡಿ ತೋರಿಸಿದರು. ಗೋಡೆಯಲ್ಲಿ ದುಂಡಗೆ, ಚೌಕ, ಕಮಾನು ಆಕಾರದ ಕಿಟಕಿಗಳು. ಇವತ್ತು ಯಾವ ಕಿಟಕಿಯಿಂದ ನೋಡೋಣ ಎಂದು ಕೇಳಿ, ಕ್ಯಾಮೆರಾ ಅದರೊಳಗೆ ತೂರಿದರೆ ಆಚೆ ಹೊರಜಗತ್ತಿನ ಒಂದು ಚಲನಚಿತ್ರ. ಮಗುವಿಗೆ ಆಕಾರದ ಪಾಠ, ಜೊತೆಗೆ ಊಹಿಸಿ ಕಾಯುವ ಸುಖ. ದುಬಾರಿ ಸಂಗೀತ ನಾಟಕಕ್ಕಿಂತ ಪಿಲ್ಕಿಂಗ್ಟನ್ ವರದಿಯ ಆಶಯಕ್ಕೆ ಇದೇ ಹತ್ತಿರವಿತ್ತು ಎಂದರೆ ತಪ್ಪಿಲ್ಲ. ಸೋಮವಾರದ ಪಟ್ಟಿಯ ಯಾವ ಕಾರ್ಯಕ್ರಮವೂ ಇಷ್ಟು ಬಾಳಲಿಲ್ಲ. ‘ಪ್ಲೇ ಸ್ಕೂಲ್’ 1988ರವರೆಗೆ ನಡೆಯಿತು, ಬೇರೆ ದೇಶಗಳೂ ಅದರ ಮಾದರಿಯನ್ನು ತೆಗೆದುಕೊಂಡವು.

ಸಂಜೆ ಪರದೆ ತೆರೆದಾಗ ಉರಿಯುವ ಮೇಣದಬತ್ತಿ. ‘ಲೈನ್-ಅಪ್’ನ ಡೆನಿಸ್ ಟೂಹಿ ಅದನ್ನು ಉಫ್ ಎಂದು ಊದಿ ಆರಿಸಿದರು. ಮಾತಿಗಿಂತ ಅದೇ ಚೆನ್ನಾದ ಕ್ಷಮಾಪಣೆ. ಆಮೇಲೆ ಸೋಮವಾರದ ಕಾರ್ಯಕ್ರಮಗಳು ಚಿಕ್ಕಪುಟ್ಟ ಬದಲಾವಣೆಯೊಡನೆ ಬಂದವು. ಮಂಗಳವಾರದ ಸಂಜೆ ಕಲಿಕೆಗೆ ಮೀಸಲು ಎಂದು ಹೇಳಿದೆನಲ್ಲ. ಅಂದರೆ ‘ಏಳು ದಿನಕ್ಕೆ ಏಳು ಮುಖ’ದ ಯೋಜನೆಯಲ್ಲಿ ಮೊದಲ ವಾರವೇ ಮನರಂಜನೆ ಬಂದು ಕಲಿಕೆಯ ಜಾಗದಲ್ಲಿ ಕೂತಿತು. ಆ ಯೋಜನೆ ಹೆಚ್ಚು ದಿನ ಬಾಳಲೂ ಇಲ್ಲ. ನಾಟಕ ಇಷ್ಟಪಡುವವನು ವಾರಕ್ಕೊಂದು ದಿನ ಮಾತ್ರ ನಾಟಕ ನೋಡಲಿ ಎಂಬುದು ಕಚೇರಿಯ ಮೇಜಿನ ಮೇಲೆ ಚೆನ್ನಾಗಿ ಕಾಣುವ ಯೋಚನೆ. 1965ರಲ್ಲಿ ಪೀಕಾಕ್ ಬಿಬಿಸಿ-1ಕ್ಕೆ ಹೋದರು. ಅವರ ಜಾಗಕ್ಕೆ ಬಂದವರು ಡೇವಿಡ್ ಅಟೆನ್‌ಬರೊ. ಇಂದು ಕಾಡುಮೃಗಗಳ ನಡುವೆ ಪಿಸುಗುಡುವ ಅಜ್ಜನಾಗಿ ಮಾತ್ರ ಅವರನ್ನು ಬಲ್ಲವರಿಗೆ, 1967ರ ಜುಲೈ 1ರಂದು ವಿಂಬಲ್ಡನ್ ಟೆನಿಸ್ ಮೂಲಕ ಬ್ರಿಟನ್ನಿಗೆ ಬಣ್ಣದ ಟಿವಿ ತಂದ ಆಡಳಿತಗಾರ ಇವರೇ ಎಂಬುದು ಅಚ್ಚರಿ ತರಬಹುದು. 625 ಗೆರೆಗೆ ಪಟ್ಟ ಪಾಡಿಗೆ ಫಲ ಸಿಕ್ಕಿದ್ದು ಆಗ.

ಅಲ್ಲಿಯವರೆಗೆ ಎಷ್ಟು ಜನ ನೋಡುತ್ತಿದ್ದರು? 1964ರ ಆಗಸ್ಟ್ 22ರಂದು ಬಿಬಿಸಿ-2ರಲ್ಲಿ ‘ಮ್ಯಾಚ್ ಆಫ್ ದಿ ಡೇ’ ಶುರುವಾಯಿತು. ಲಿವರ್‌ಪೂಲ್ ಮತ್ತು ಆರ್ಸೆನಲ್ ಪಂದ್ಯ. ಟಿವಿಯಲ್ಲಿ ನೋಡಿದವರು ಸುಮಾರು 20,000 ಎಂದು ಲೆಕ್ಕ. ಆನ್‌ಫೀಲ್ಡ್ ಮೈದಾನದಲ್ಲಿ ಕೂತು, ನಿಂತು ನೋಡಿದವರು ಅದರ ಇಮ್ಮಡಿಗಿಂತ ಹೆಚ್ಚು. ಮೂರೇ ವರ್ಷದ ನಂತರ ಅದೇ ಚಾನೆಲ್ಲಿನ 26 ಕಂತುಗಳ ‘ದಿ ಫೋರ್‌ಸೈಟ್ ಸಾಗಾ’ ಬಿಬಿಸಿ-1ರಲ್ಲಿ ಮರುಪ್ರಸಾರವಾಗುವಷ್ಟು ಹೆಸರು ಮಾಡಿತು. ಭಾನುವಾರ ಸಂಜೆಯ ಚರ್ಚ್ ಪ್ರಾರ್ಥನೆಯ ಹೊತ್ತನ್ನು ಕೆಲವೆಡೆ ಅದಕ್ಕಾಗಿ ಬದಲಿಸಿದರು.

‘ಲೈನ್-ಅಪ್’ ಬೆಳೆದು ‘ಲೇಟ್ ನೈಟ್ ಲೈನ್-ಅಪ್’ ಆಯಿತು. ರಾತ್ರಿಯ ಕೊನೆಯ ಕಾರ್ಯಕ್ರಮವಾದ್ದರಿಂದ ಅದಕ್ಕೆ ಮುಗಿಯುವ ಹೊತ್ತು ಎಂಬುದೇ ಇರಲಿಲ್ಲ. ಮಾತು ಚೆನ್ನಾಗಿದ್ದರೆ ಮುಂದುವರಿಯುತ್ತಿತ್ತು, ಇಲ್ಲದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವತ್ತಷ್ಟೇ ಬಿಬಿಸಿಯಲ್ಲಿ ಬಂದ ಕಾರ್ಯಕ್ರಮಗಳನ್ನು ಅಲ್ಲೇ ಕೂತು ಜಾಲಾಡುತ್ತಿದ್ದರು. ತನ್ನನ್ನು ತಾನೇ ತನ್ನ ಖರ್ಚಿನಲ್ಲಿ ಟೀಕಿಸಿಕೊಳ್ಳುವ ಚಾನೆಲ್ ಇವತ್ತು ಎಲ್ಲಿದೆ ಎಂದು ಕೇಳುವ ಆಸೆಯಾಗುತ್ತದೆ. ಆದರೆ ಆ ಮಾತುಕತೆಯಲ್ಲಿ ಉಳಿದದ್ದು ಅಲ್ಪ. ಎರಡಿಂಚು ಅಗಲದ ವಿಡಿಯೊ ಟೇಪು ಆಗ ಬಹಳ ದುಬಾರಿ. ಒಮ್ಮೆ ತೋರಿಸಿದ್ದನ್ನು ಮತ್ತೆ ತೋರಿಸಬೇಕಾದರೆ ಕಲಾವಿದರಿಗೆ ಮತ್ತೆ ಹಣ ಕೊಡಬೇಕು. ಮನೆಯಲ್ಲಿ ಟೇಪಿಟ್ಟುಕೊಂಡು ನೋಡುವವರು ಯಾರೂ ಇಲ್ಲ. ಹಾಗಾಗಿ ಅಳಿಸಿ ಮತ್ತೆ ಬಳಸುವುದೇ ಜಾಣತನ ಎಂದುಕೊಂಡರು. ಹಾಗೆ ಅಳಿಸಿಹೋದವುಗಳಲ್ಲಿ ‘ಡಾಕ್ಟರ್ ಹೂ’ ಕಂತುಗಳಿವೆ, ‘ಪ್ಲೇ ಸ್ಕೂಲ್’ ಕಂತುಗಳೂ ಇವೆ.

ಏಪ್ರಿಲ್ 20ರ ರಾತ್ರಿಯದಂತೂ ಏನೂ ಉಳಿದಿಲ್ಲ ಎಂದೇ ಬಹುಕಾಲ ನಂಬಲಾಗಿತ್ತು. 2003ರ ಆರಂಭದಲ್ಲಿ ಒಂದು ಟೇಪು ಸಿಕ್ಕಿತು. ಅದರಲ್ಲಿ ಆಲ್ಬರ್ಟ್ಸ್ ಇಲ್ಲ, ರೈಕಿನ್ ಇಲ್ಲ. ಇರುವುದು ಪಟ್ಟಿಯಲ್ಲಿಲ್ಲದ ಪ್ರೀಸ್ಟ್‌ಲ್ಯಾಂಡ್, ಅಲೆಕ್ಸಾಂಡ್ರಾ ಪ್ಯಾಲೇಸಿನ ಮೇಜಿನ ಹಿಂದೆ ಕೂತು, ಕಾರ್ಯಕ್ರಮಗಳು ಯಾಕೆ ಬರುತ್ತಿಲ್ಲ ಎಂದು ವಿವರಿಸುತ್ತ.